ಎಡಗಡೆಯ ನೀಲಿ ಗುರುತು

ಬಲಗಡೆಯ ಜಡೆ ಮುಗಿದಿತ್ತು. ಎಡಗಡೆಯ ಕೂದಲನ್ನು ಮೂರು ಪಾಲು ಮಾಡಿ, ಎರಡು ಹೆಣಿಗೆ ಹಾಕಿ, ಮೂರನೆಯದಕ್ಕೆ ಬೆರಳು ಮಡಚುವಷ್ಟರಲ್ಲಿ ನೋವು ಬಂತು. ಕೈಯಲ್ಲಿದ್ದ ಕೂದಲು ಜಾರಿ ಮಗಳ ಭುಜದ ಮೇಲೆ ಬಿಚ್ಚಿಕೊಂಡಿತು.

ಸ್ಟೂಲಿನ ಮೇಲೆ ಬೆನ್ನು ಮಾಡಿ ಕೂತಿದ್ದ ಹುಡುಗಿ ತಿರುಗಿ ನೋಡಲಿಲ್ಲ. ಜಡೆ ಹೆಣೆಯುವ ಬೆರಳು ಸಡಿಲವಾದರೆ ಏನರ್ಥ ಎಂಬುದು ಏಳು ವರ್ಷದ ಆ ತಲೆಗೆ ಬಾಯಿಪಾಠವಾಗಿ ಹೋಗಿತ್ತು. ಸದ್ದಿಲ್ಲದೆ ಸ್ಟೂಲಿನಿಂದ ಇಳಿದಳು. ಪರದೆಯ ಉಂಗುರಗಳು ಕಂಬಿಯ ಮೇಲೆ ಕಿರುಗುಟ್ಟದ ಹಾಗೆ ಒಂದೊಂದನ್ನೇ ಕೈಯಿಂದ ಸರಿಸಿ ಕಿಟಕಿ ಮುಚ್ಚಿದಳು. ಬಚ್ಚಲಿಗೆ ಹೋಗಿ ಬಟ್ಟೆ ಒದ್ದೆ ಮಾಡಿ, ಹಿಂಡಿ ತಂದು ಅಮ್ಮನ ಅಂಗೈಯಲ್ಲಿ ಇಟ್ಟಳು. ಆಮೇಲೆ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು ಅಪ್ಪನಿಗೆ ಮುಷ್ಟಿ ಎತ್ತಿ ತೋರಿಸಿದಳು. ಹೊಲಿಗೆ ಮಿಷನ್ನಿನ ಸದ್ದು ಕೋಟಿನ ಅರ್ಧ ತೋಳಿನಲ್ಲೇ ನಿಂತಿತು.

ಮುಷ್ಟಿ ಎಂದರೆ ‘ನಿಲ್ಲಿಸು’. ಎರಡು ಬೆರಳು ಎಂದರೆ ನೀರು. ಅಂಗೈ ಮಗುಚಿದರೆ ದೀಪ ಆರಿಸಬೇಕು, ಕಿವಿ ಹಿಡಿದುಕೊಂಡರೆ ಬೀದಿ ಬಾಗಿಲು ಹಾಕಬೇಕು. ನಾಲ್ಕು ತಿಂಗಳಿಂದ ಆ ಮನೆಯಲ್ಲಿ ಹೀಗೊಂದು ಕೈಭಾಷೆ ಬೆಳೆದಿತ್ತು. ಯಾರೂ ಕೂತು ಕಲಿಸಿದ್ದಲ್ಲ. ಬಸಿರು ನಿಂತ ಮೂರನೇ ತಿಂಗಳಿಗೆ ತಲೆನೋವು ಹೆಚ್ಚಾಗಿ, ಚಮಚ ತಟ್ಟೆಗೆ ತಾಗಿದ ಸದ್ದಿಗೂ ತಾಯಿ ಗೋಡೆ ಹಿಡಿದುಕೊಳ್ಳುವುದನ್ನು ನೋಡಿ ನೋಡಿ, ಮನೆಯವರು ಒಬ್ಬೊಬ್ಬರಾಗಿ ದನಿ ತಗ್ಗಿಸಿದ್ದರು. ಅದರಲ್ಲಿ ಎರಡೇ ಎರಡು ಕಟ್ಟಪ್ಪಣೆ ಇದ್ದವು. ನೋವಿರುವಾಗ ಅಮ್ಮನನ್ನು ಮುಟ್ಟಬಾರದು. ನೋವಿರುವಾಗ ಮಾತಾಡಬಾರದು.

ಈ ಎರಡನೆಯದು ಯಾರಿಗೆ ಸುಲಭವಾದರೂ ಮಗಳಿಗಲ್ಲ ಎಂದು ಎಲ್ಲರೂ ತಿಳಿದಿದ್ದರು. ಅವಳನ್ನು ಮನೆಯಲ್ಲಿ ಕರೆಯುತ್ತಿದ್ದುದೇ ರೀಲು ಎಂದು. ದರ್ಜಿ ಅಪ್ಪ ಇಟ್ಟ ಹೆಸರು. ‘ತುದಿ ಸಿಕ್ಕಿದ್ರೆ ಸಾಕು, ಖಾಲಿ ಆಗೋ ತನಕ ಬಿಚ್ಕೋತಾನೇ ಇರತ್ತೆ’ ಎನ್ನುತ್ತಿದ್ದ. ಅದಕ್ಕೆ ಅಜ್ಜಿ, ‘ಮಾತೂ ಅಷ್ಟೇ, ಸುಳ್ಳೂ ಅಷ್ಟೇ, ಎರಡೂ ರೀಲೇ’ ಎಂದು ಸೇರಿಸುತ್ತಿದ್ದಳು. ಆ ಹುಡುಗಿ ಬಾಯಿಗೆ ಬೀಗ ಹಾಕಿಕೊಂಡದ್ದನ್ನು ನೋಡಿ ಮೊದಮೊದಲು ಎಲ್ಲರೂ ಮೆಚ್ಚಿದರು. ಎಷ್ಟು ಜಾಣೆ, ಎಷ್ಟು ಬೇಗ ದೊಡ್ಡವಳಾದಳು ಎಂದರು.

ತಾಯಿ ಒದ್ದೆ ಬಟ್ಟೆಯನ್ನು ಹಣೆಗೆ ಒತ್ತಿಕೊಂಡು ನೆಲದ ಮೇಲೇ ಒರಗಿದಳು. ಈ ನೋವು ಅವಳಿಗೆ ಹೊಸದಲ್ಲ. ಹದಿನೈದನೇ ವಯಸ್ಸಿನಿಂದ ಬಂದು ಹೋಗುವ ನೆಂಟ. ನೆಂಟನಿಗೆ ಒಂದು ರಿವಾಜೂ ಇತ್ತು: ಮೊದಲು ಕಣ್ಣಿನ ತುದಿಯಲ್ಲಿ ಗರಗಸದ ಹಲ್ಲಿನಂಥ ಒಂದು ಗೆರೆ ಮಿಣಮಿಣ ಎಂದು ಏಳುತ್ತದೆ, ಇಪ್ಪತ್ತು ನಿಮಿಷ ಕುಣಿದು ಮಾಯವಾಗುತ್ತದೆ, ಅದು ಹೋದ ಮೇಲೆ ನೋವು ಬರುತ್ತದೆ. ಇವತ್ತು ಮಿಂಚು ಬರಲೇ ಇಲ್ಲ. ದೂತನನ್ನು ಕಳಿಸದೆ ದೊರೆಯೇ ಬಂದ ಹಾಗೆ ನೋವು ನೇರ ಕತ್ತಿನ ಹಿಂದಿನಿಂದ ಹತ್ತಿ ನೆತ್ತಿಯ ಮೇಲೆ ಕೂತಿತು. ಸದ್ಯ ಆ ಮಿಂಚಿನ ಕಾಟವೊಂದು ತಪ್ಪಿತಲ್ಲ ಎಂದು ಅವಳು ಅಂದುಕೊಂಡಳು.

ರೀಲು ಎಡಗಡೆಯ ಕೂದಲನ್ನು ತಾನೇ ಒಂದು ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿಕೊಂಡು, ಚೀಲ ಹೆಗಲಿಗೆ ಹಾಕಿ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಬಾಯಿ ತೆರೆದಳು. ಏನೋ ಕೇಳಬೇಕು ಎಂಬ ಮುಖ. ಈಚೀಚೆಗೆ ದಿನವೂ ಹೀಗೆಯೇ ಬಾಗಿಲಲ್ಲಿ ನಿಂತು ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು.

‘ಆಮೇಲೆ, ಪುಟ್ಟಿ’ ಎಂದಳು ತಾಯಿ, ಕಣ್ಣು ಮುಚ್ಚಿಕೊಂಡೇ. ‘ಬಂದ ಮೇಲೆ ಕೇಳುವಂತೆ.’

ಹುಡುಗಿ ತಲೆಯಾಡಿಸಿ ಹೋದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆಯ ಸದ್ದೂ ಕೇಳಿಸಲಿಲ್ಲ.

ಹಳೆಯ ತಲೆನೋವಿಗೆ ಒಂದು ಮಾತ್ರೆ ಇತ್ತು. ನುಂಗಿ ಅರ್ಧ ಗಂಟೆ ಮಲಗಿದರೆ ನೋವು ಬಾಲ ಮುದುರಿಕೊಂಡು ಹೋಗುತ್ತಿತ್ತು. ಬಸಿರಿಯಾದ ಮೇಲೆ ಡಾಕ್ಟರಮ್ಮ ಆ ಮಾತ್ರೆಯ ಹೆಸರು ಕೇಳಿದವರೇ ತಲೆ ಅಲ್ಲಾಡಿಸಿದ್ದರು. ಇದು ಈಗ ಬೇಡ, ಮಗುವಿಗೆ ಆಗುವುದಿಲ್ಲ ಎಂದು ಬೇರೊಂದು ಸಾಧು ಮಾತ್ರೆ ಬರೆದುಕೊಟ್ಟಿದ್ದರು. ಅದೋ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

‘ಹಂಗಾದ್ರೆ ನಾನೇನು ಮಾಡ್ಲಿ, ಡಾಕ್ಟ್ರೇ?’ ಎಂದು ಕೇಳಿದ್ದಳು.

‘ರೆಸ್ಟ್ ಮಾಡಿ, ನೀರು ಕುಡೀರಿ, ಊಟ ತಪ್ಪಿಸ್ಬೇಡಿ. ಆದ್ರೆ ಒಂದು ಮಾತು ನೆನಪಿಟ್ಕೊಳ್ಳಿ. ಮುಖ ಕೈಕಾಲು ಊದಿಕೊಂಡ್ರೆ, ಕಣ್ಣು ಮಂಜಾದ್ರೆ, ಹೊಟ್ಟೆ ಮೇಲ್ಭಾಗ ನೋವು ಬಂದ್ರೆ, ಅದೇ ದಿನ ಬರಬೇಕು. ನಾಳೆ ನಾಡಿದ್ದು ಅನ್ನಬಾರ್ದು. ನಿಮ್ಮ ಬಿಪಿ ಈಗ್ಲೇ ಸ್ವಲ್ಪ ಅಂಚಿನಲ್ಲಿದೆ. ಅದು ಏರಿದ್ರೂ ಬರೋದು ತಲೆನೋವೇ. ನಿಮಗೂ ಅಪಾಯ, ಕೂಸಿಗೂ ಅಪಾಯ.’

‘ನಂಗೆ ಕಣ್ಣು ಮಂಜಾಗೋದು ಮೊದಲಿಂದ್ಲೂ ಇದೆಯಲ್ಲ. ಇದು ಹಳೇದೋ ಹೊಸದೋ ಅಂತ ಹೆಂಗೆ ಗೊತ್ತಾಗತ್ತೆ?’

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದ್ದರು. ‘ಅದನ್ನ ನೀವೇ ಹೇಳ್ಬೇಕಮ್ಮ. ನಿಮ್ಮ ತಲೆ ನಿಮಗೆ ತಾನೆ ಗೊತ್ತು?’

ಅಂದಿನಿಂದ ಅವಳ ಪಾಡು ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಪ್ರತಿ ಸಲ ನೋವು ಬಂದಾಗಲೂ ಇದು ಯಾವುದು ಎಂದು ಹುಡುಕಬೇಕು. ನೋವೇನು ಕೊರಳಪಟ್ಟಿಗೆ ಹೆಸರಿನ ಚೀಟಿ ಹೊಲಿಸಿಕೊಂಡು ಬರುತ್ತದೆಯೇ? ಎರಡು ಸಲ ಗಾಬರಿಯಿಂದ ಆಸ್ಪತ್ರೆಗೆ ಓಡಿದ್ದಾಗಿತ್ತು. ಎರಡು ಸಲವೂ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡಿ, ‘ಇದು ನಿಮ್ಮ ಹಳೇ ಫ್ರೆಂಡೇ, ಮನೆಗೆ ಹೋಗಿ’ ಎಂದು ನಗುತ್ತ ಕಳಿಸಿದ್ದಳು. ಮೂರನೇ ಸಲ ಹೋಗುವುದಕ್ಕೆ ಅವಳಿಗೆ ನಾಚಿಕೆ. ಕಾಲು ಊದಿದ್ದು ನಿಜ, ವಾರದಿಂದ ಚಪ್ಪಲಿಯ ಪಟ್ಟಿಯನ್ನು ಕೊನೆಯ ತೂತಿಗೆ ಹಾಕುತ್ತಿದ್ದಳು. ಅತ್ತೆ ನೋಡಿ, ‘ಏಳನೇ ತಿಂಗಳಲ್ಲಿ ಯಾರಿಗೆ ಊದಲ್ಲ? ನಂಗೆ ನಿನ್ನ ಗಂಡ ಹೊಟ್ಟೇಲಿದ್ದಾಗ ಕಂಬದ ಹಂಗಾಗಿತ್ತು ಕಾಲು’ ಎಂದಿದ್ದಳು.

ಹಳೆಯ ಮಾತ್ರೆಯಲ್ಲಿ ಉಳಿದ ಐದನ್ನು ಅವಳೇ ಅತ್ತೆಯ ಕೈಗೆ ಕೊಟ್ಟು ಬಚ್ಚಿಡಿಸಿದ್ದಳು. ‘ನಾನು ಕಾಲಿಗೆ ಬಿದ್ರೂ ಕೊಡಬೇಡಿ’ ಎಂದಿದ್ದಳು. ಆ ಬೆಳಗ್ಗೆ ಹತ್ತು ಗಂಟೆಗೆ, ಎರಡು ಸಲ ವಾಂತಿ ಮಾಡಿಕೊಂಡ ಮೇಲೆ, ಗೋಡೆ ಹಿಡಿದುಕೊಂಡು ಅತ್ತೆಯ ಮುಂದೆ ಹೋಗಿ ನಿಂತಳು.

‘ಅತ್ತೆ, ಅರ್ಧ ಕೊಡಿ.’

ಅತ್ತೆ ತಲೆ ಎತ್ತಲಿಲ್ಲ. ಮಡಿಲಲ್ಲಿ ಬಿಳಿ ಕೋಟು, ಬಾಯಲ್ಲಿ ಗುಂಡಿಯ ದಾರ.

‘ಅರ್ಧ, ಅತ್ತೆ. ಅರ್ಧಕ್ಕೆ ಏನೂ ಆಗಲ್ಲ.’

‘ಆಗಲ್ಲ ಅಂತ ನೀನು ಡಾಕ್ಟ್ರಾ?’ ಎಂದಳು ಅತ್ತೆ, ದಾರ ಕಡಿದು. ಆಮೇಲೆ ಸೊಸೆಯ ಮುಖ ನೋಡಿದಳು. ನೋಡಬಾರದಿತ್ತು ಅನ್ನಿಸಿರಬೇಕು, ಥಟ್ಟನೆ ಬೇರೆ ಕಡೆ ತಿರುಗಿದಳು. ‘ನಂಗೆ ಕೊಡೋ ಹಂಗೂ ಇಲ್ಲ, ನೋಡೋ ಹಂಗೂ ಇಲ್ಲ. ನಾ ಏನು ಮಾಡ್ಲಿ ಹೇಳು ಮಗಳೇ. ನೋವನ್ನ ಹಂಚ್ಕೊಳ್ಳೋದಕ್ಕೆ ಬರ್ತಿದ್ರೆ ಅರ್ಧ ಮಾತ್ರೆ ಬದಲು ಅರ್ಧ ನೋವೇ ತಗೋತಿದ್ದೆ.’ ಸೂಜಿಗೆ ಹೊಸ ದಾರ ಪೋಣಿಸುತ್ತ, ‘ಆದ್ರೆ ನಂಗೆ ಬಂದು ಏನು ಪ್ರಯೋಜನ? ತಲೆ ಇದ್ದೋರಿಗೆ ತಾನೆ ತಲೆನೋವು’ ಎಂದಳು. ಸೊಸೆಯನ್ನು ನಗಿಸಲೆಂದು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ.

ಕೋಟುಗಳನ್ನು ಶನಿವಾರಕ್ಕೆ ಕೊಡಬೇಕಿತ್ತು. ಒಂದು ಆಸ್ಪತ್ರೆಯವರು ಹೊಲಿಯಲು ಕೊಟ್ಟಿದ್ದ ಮೂವತ್ತು ಬಿಳಿ ಕೋಟುಗಳು, ಅರ್ಧ ಗಂಡಸರಿಗೆ, ಅರ್ಧ ಹೆಂಗಸರಿಗೆ. ಗಂಡ ಕತ್ತರಿಸಿ ಹೊಲಿಯುತ್ತಾನೆ. ಗುಂಡಿ ತೂರುವ ಕಾಜವನ್ನು ಕೈಯಲ್ಲಿ ಹಾಕುವವಳು ಅವಳು. ಗುಂಡಿ ಹಚ್ಚುವವಳು ಅತ್ತೆ. ಅವಳ ಕಾಜಕ್ಕೆ ಹೆಸರಿತ್ತು. ಬೇರೆ ದರ್ಜಿಗಳೂ ಒಳ್ಳೆಯ ಕೋಟು ಬಂದರೆ ಅವಳ ಹತ್ತಿರ ಕಳಿಸುತ್ತಿದ್ದರು. ಆ ಕಸುಬಿನಲ್ಲಿ ಮೊದಲ ದಿನವೇ ಕಲಿಯುವ ಪಾಠ ಒಂದಿದೆ: ಗಂಡಸರ ಕೋಟಿಗೆ ತೊಟ್ಟವರ ಎಡಭಾಗದಲ್ಲಿ ಕಾಜ, ಹೆಂಗಸರ ಕೋಟಿಗೆ ಬಲಭಾಗದಲ್ಲಿ. ಹೊಲಿದಾದ ಮೇಲೆ ಗಂಡ ನೀಲಿ ಸೀಮೆಸುಣ್ಣದಿಂದ ಕಾಜ ಬೀಳಬೇಕಾದ ಕಡೆ ಐದೈದು ಗೆರೆ ಎಳೆದು ಕೊಡುತ್ತಿದ್ದ. ಗೆರೆ ಇದ್ದ ಕಡೆ ಕತ್ತರಿಸಿ ಅಂಚು ಸುತ್ತುವುದಷ್ಟೇ ಅವಳ ಕೆಲಸ. ನಿದ್ದೆಗಣ್ಣಲ್ಲೂ ಮಾಡಬಲ್ಲಳು.

‘ನೀನು ಮಲ್ಕೋ’ ಎಂದ ಗಂಡ, ಮಧ್ಯಾಹ್ನ. ‘ಇನ್ನೆರಡು ದಿನ ತಡ ಅಂತ ಹೇಳಿ ಬರ್ತೀನಿ.’

‘ಮಲಗಿದ್ರೆ ಜಾಸ್ತಿ ಆಗತ್ತೆ, ರೀ. ಕೂತಿದ್ರೇ ವಾಸಿ.’

ಅದು ನಿಜವಾಗಿತ್ತು. ತಲೆ ದಿಂಬಿಗೆ ತಾಗಿದರೆ ಕತ್ತಿನ ಹಿಂದೆ ಯಾರೋ ಹಗ್ಗ ಹೊಸೆದ ಹಾಗೆ ಆಗುತ್ತಿತ್ತು. ಪರದೆ ಎಳೆದ ಕೋಣೆಯಲ್ಲಿ, ಒಂದು ಸಣ್ಣ ದೀಪ ಇಟ್ಟುಕೊಂಡು, ಗೋಡೆಗೆ ಒರಗಿ ಅವಳು ಕೋಟು ಮಡಿಲಿಗೆ ಹಾಕಿಕೊಂಡಳು. ಬೆಳ್ಳನೆಯ ಬಟ್ಟೆ ಕಣ್ಣಿಗೆ ಹೊಡೆಯಿತು. ಒಂದು ಕಾಜ, ಎರಡು ಕಾಜ. ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಸೂಜಿಯ ಮೇಲೆ ಗಮನ ಇಟ್ಟರೆ ನೋವು ಒಂದು ಹೆಜ್ಜೆ ಹಿಂದೆ ನಿಂತು ಕಾಯುತ್ತದೆ, ಅಷ್ಟು ಮಟ್ಟಿಗೆ ಅದರ ಸ್ವಭಾವ ಅವಳಿಗೆ ಗೊತ್ತಿತ್ತು.

ಐದು ಗಂಡಸರ ಕೋಟು ಮುಗಿದು ಆರನೇ ಕೋಟಿಗೆ ಬಂದಾಗ ಗೆರೆ ಕಾಣಲಿಲ್ಲ. ಹರಡಿ ನೋಡಿದಳು, ಇಲ್ಲ. ಇವರಿಗೂ ನಿದ್ದೆಯಿಲ್ಲ, ಗುರುತು ಹಾಕುವುದು ಮರೆತಿದ್ದಾರೆ ಎಂದುಕೊಂಡು ಬೆರಳಿನಿಂದಲೇ ಅಳೆದು ಕಾಜ ಹಾಕಿದಳು. ಏಳನೆಯದಕ್ಕೂ ಗೆರೆ ಇರಲಿಲ್ಲ. ಎಂಟನೆಯದಕ್ಕೂ. ಗಂಡನನ್ನು ಕೂಗಿ ಕೇಳೋಣವೆಂದರೆ ತನ್ನ ದನಿಯೇ ತನ್ನ ತಲೆಗೆ ಸುತ್ತಿಗೆ. ಹನ್ನೊಂದನೇ ಕೋಟಿನವರೆಗೂ ಬೆರಳಿನ ಅಳತೆಯಲ್ಲೇ ಮುಗಿಸಿದಳು.

ಸಂಜೆ ಗಂಡ ಬಂದು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ. ಹಿಂದಿನಿಂದ ಬರುವ ಬೆಳಕಿಗೆ ಅವನ ಮುಖ ಕಾಣುತ್ತಿರಲಿಲ್ಲ.

‘ಕರ್ಕೊಂಡು ಬರಕ್ಕೆ ಹೋದಾಗ ರೀಲೂನ ಟೀಚರ್ ಗೇಟ್ ಹತ್ರ ನಿಲ್ಲಿಸಿದ್ರು’ ಎಂದ, ಪಿಸುದನಿಯಲ್ಲಿ. ‘ಮೂರು ವಾರದಿಂದ ಕ್ಲಾಸಲ್ಲಿ ತುಟಿ ಬಿಚ್ಚಿಲ್ವಂತೆ.’

‘ಯಾರು, ನಮ್ಮವಳಾ?’

‘ಕೈ ಎತ್ತತಾಳಂತೆ. ಏಳತಾಳಂತೆ. ಬಾಯಿ ತೆಗೆದು ಹಂಗೇ ಮುಚ್ಕೊಂಡು ಕೂತುಬಿಡ್ತಾಳಂತೆ. ಯಾಕೆ ಅಂತ ಕೇಳಿದ್ರೆ ನೋಟ್ ಬುಕ್ಕಲ್ಲಿ ಬರೆದು ತೋರಿಸಿದ್ಲಂತೆ, ಅಮ್ಮನಿಗೆ ತಲೆನೋವು ಅಂತ.’

ಅವಳು ಸೂಜಿ ಕೆಳಗಿಟ್ಟಳು. ‘ಸ್ಕೂಲಲ್ಲಿ ಮಾತಾಡಿದ್ರೆ ನಂಗೆ ಕೇಳ್ಸುತ್ತಾ?’

‘ನಂಗೇನು ಗೊತ್ತೇ. ಮಕ್ಕಳ ಲೆಕ್ಕ.’ ಅವನು ಕೊರಳಿಗೆ ನೇತುಹಾಕಿಕೊಂಡಿದ್ದ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ‘ನಿನ್ನ ಹತ್ರ ಏನಾದ್ರೂ ಹೇಳಿದ್ಲಾ?’

‘ಬೆಳಗ್ಗೆ ಹೋದೋಳು ಆಮೇಲೆ ನನ್ನ ಹತ್ರ ಬಂದೇ ಇಲ್ಲ.’

‘ಬಂದಿದ್ಲಲ್ಲ? ಸ್ಕೂಲಿಂದ ಬಂದೋಳೇ ಸೀದಾ ನಿನ್ನ ಕೋಣೆಗೇ ಬಂದ್ಲು. ಅರ್ಧ ಗಂಟೆ ಇಲ್ಲೇ ಇದ್ಲು.’

‘ಇಲ್ಲ ರೀ’ ಎಂದಳು ಅವಳು. ‘ನಾನು ಎಚ್ಚರವಾಗೇ ಇದ್ನಲ್ಲ.’

ಅವನು ವಾದ ಬೆಳೆಸಲಿಲ್ಲ. ನೋವಿರುವವರ ಜೊತೆ ವಾದ ಯಾಕೆ ಎಂದು ಎದ್ದು ಹೋದ. ಅವಳೂ ಆ ಮಾತನ್ನು ಅಲ್ಲಿಗೇ ಬಿಟ್ಟಳು. ಆ ಹೊತ್ತನ್ನು ಅವಳು ಆಮೇಲೆ ಮತ್ತೆ ಮತ್ತೆ ನೆನೆದಳು. ಕೈಗೆ ಸಿಕ್ಕಿದ ದಾರದ ತುದಿಯನ್ನು ತಾನೇ ಬಿಟ್ಟುಕೊಟ್ಟಿದ್ದಳು.

ಮಾರನೇ ಬೆಳಗ್ಗೆ ಅತ್ತೆ ಗುಂಡಿಯ ಡಬ್ಬಿ ಮುಂದಿಟ್ಟುಕೊಂಡು ರಾಶಿಯ ಮೇಲಿನ ಕೋಟು ಬಿಡಿಸಿದಳು. ಬಿಡಿಸಿ ಹಾಗೇ ಕೂತಳು. ಎರಡನೆಯದನ್ನು ಬಿಡಿಸಿದಳು. ಕನ್ನಡಕ ಒರೆಸಿ ಹಾಕಿಕೊಂಡು ಮೂರನೆಯದನ್ನು, ಉಳಿದವನ್ನೂ ನೋಡಿದಳು.

‘ಲೋ ಮಗಾ, ಬಾ ಇಲ್ಲಿ’ ಎಂದು ಮಗನನ್ನು ಕರೆದಳು. ‘ಇದೇನೋ ಇದು? ಹೆಂಗಸರ ಕೋಟಿಗೆ ಗಂಡಸರ ಕಾಜ.’

‘ಕೊಡು, ನೋಡೋಣ.’

‘ನೋಡೋದೇನಿದೆ. ಒಂದಲ್ಲ ಎರಡಲ್ಲ, ಆರು ಕೋಟು. ಹಾಕಿಕೊಳ್ಳೋ ಡಾಕ್ಟರಮ್ಮ ಕನ್ನಡಿ ಮುಂದೆ ನಿಂತು ತಾನು ಅವಳೋ ಅವನೋ ಅಂತ ತಬ್ಬಿಬ್ಬಾಗ್ಬೇಕು.’

ದರ್ಜಿ ಕೋಟನ್ನು ಬೆಳಕಿಗೆ ಹಿಡಿದ. ತೊಟ್ಟವರ ಬಲಭಾಗದ ಅಂಚಿನಲ್ಲಿ, ಎಂದರೆ ಮಡಿಲಲ್ಲಿ ಹರಡಿಕೊಂಡವರ ಎಡಕ್ಕೆ, ಅವನು ಎಳೆದ ನೀಲಿ ಗೆರೆಗಳು ಐದಕ್ಕೆ ಐದೂ ಹಾಗೇ ಇದ್ದವು, ಮಳೆ ಕಾಣದ ರಂಗೋಲಿಯ ಹಾಗೆ ಒಂದಿಷ್ಟೂ ಮಾಸದೆ. ಕಾಜಗಳು ಮಾತ್ರ ಎದುರಿನ ಅಂಚಿನಲ್ಲಿ. ಹೆಂಡತಿಯ ಹತ್ತಿರ ತಂದು ಮೆಲ್ಲಗೆ ಮಡಿಲ ಮೇಲೆ ಹರಡಿದ.

‘ಈ ಗುರುತು ಕಾಣಲಿಲ್ವೇನೇ?’

‘ಯಾವ ಗುರುತು?’

‘ಇದು.’

ಅವಳು ನೋಡಿದಳು. ಮಡಿಲಲ್ಲಿ ಬಿಳಿ ಬಟ್ಟೆ ಇತ್ತು. ಗಂಡನ ಬೆರಳು ಇರಲಿಲ್ಲ. ಬೆರಳಿರಬೇಕಾದ ಕಡೆ ಕತ್ತಲೆ ಇತ್ತೇ ಎಂದರೆ ಕತ್ತಲೆಯೂ ಅಲ್ಲ. ಅಲ್ಲಿ ಏನೂ ಇರಲಿಲ್ಲ, ಬೆನ್ನ ಹಿಂದೆ ಏನೂ ಇರದ ಹಾಗೆ. ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿದ ಮೇಲೆ ಬೆರಳು ಬಂತು, ಬೆರಳ ಕೆಳಗೆ ನೀಲಿ ಗೆರೆ ಬಂತು.

‘ನೀವು ಹಾಕಿಲ್ಲ ಅಂದ್ಕೊಂಡೆ’ ಎಂದಳು.

ಬಾಗಿಲಲ್ಲಿ ರೀಲು ಚೀಲ ಹಾಕಿಕೊಂಡು ನಿಂತಿದ್ದಳು. ಅವಳ ಮುಖ ಬಿಳುಚಿಕೊಂಡಿತ್ತು. ಅಪ್ಪನ ಕಡೆ ನೋಡಿ ಮುಷ್ಟಿ ಎತ್ತಿದಳು. ಕೆಳಗಿಳಿಸಿದಳು. ಮತ್ತೆ ಎತ್ತಿದಳು.

‘ಏನಮ್ಮ ಚಿನ್ನ?’ ಎಂದ ಅಪ್ಪ. ‘ಮಿಷನ್ ನಿಂತೇ ಇದೆಯಲ್ಲ?’

‘ನಿನ್ನೆ’ ಎಂದಳು ರೀಲು. ಎಷ್ಟು ಸಣ್ಣ ದನಿ ಎಂದರೆ ಅಜ್ಜಿ ಮುಂದಕ್ಕೆ ಬಗ್ಗಬೇಕಾಯಿತು. ‘ನಿನ್ನೆ ನಾನು ಹಿಂಗೆ ಮಾಡ್ದೆ. ಅಮ್ಮ ತಪ್ಪು ಕಡೆ ಹಾಕ್ತಿದ್ಲು. ಗೆರೆ ಈ ಕಡೆ ಇತ್ತು. ನಾನು ನಿಲ್ಸು ನಿಲ್ಸು ಅಂತ ಮಾಡ್ದೆ. ಅಮ್ಮ ನಿಲ್ಲಿಸ್ಲಿಲ್ಲ.’

‘ಬಾಯಲ್ಲಿ ಹೇಳಬಾರದಿತ್ತೇನೇ, ಮಂಕೇ?’ ಎಂದಳು ಅಜ್ಜಿ.

‘ಮಾತಾಡಬಾರ್ದು ಅಂತ ನೀವೇ ಹೇಳಿದ್ದು.’

‘ಭುಜ ಅಲ್ಲಾಡಿಸಬಾರದಿತ್ತಾ?’

‘ಮುಟ್ಟಬಾರ್ದು ಅಂತಲೂ ಹೇಳಿದ್ರಿ.’

ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು.

‘ಎಲ್ಲಿ ನಿಂತಿದ್ದೆ, ಪುಟ್ಟಿ?’ ತಾಯಿ ಕೇಳಿದಳು.

ರೀಲು ಹೋಗಿ ಅವಳ ಎಡಗಡೆಗೆ ಒಂದು ಮಾರು ದೂರದಲ್ಲಿ ನಿಂತಳು. ನಿಂತದ್ದು ತಾಯಿಗೆ ಹೆಜ್ಜೆಯಿಂದಲೂ ಗೊತ್ತಾಗಲಿಲ್ಲ, ಕಣ್ಣಿಂದಲೂ ಗೊತ್ತಾಗಲಿಲ್ಲ. ಗಂಡನ ಮುಖ ನೋಡಿ ಗೊತ್ತಾಯಿತು. ಅವನ ಕಣ್ಣು ಮಗಳ ಮೇಲಿಂದ ಹೆಂಡತಿಯ ಮೇಲೆ, ಹೆಂಡತಿಯ ಮೇಲಿಂದ ಮಗಳ ಮೇಲೆ ಓಡುತ್ತಿತ್ತು. ಅಲ್ಲಿ ಒಂದು ಮಗು ಅರ್ಧ ಗಂಟೆ ಕೈ ಆಡಿಸುತ್ತ ನಿಂತಿತ್ತು. ತಾನು ಕತ್ತು ಬಗ್ಗಿಸಿ, ಸೊಗಸಾಗಿ, ಒಂದು ಎಳೆ ಆಚೀಚೆ ಆಗದ ಹಾಗೆ, ತಪ್ಪು ಕಡೆ ಕಾಜ ಹಾಕುತ್ತಿದ್ದಳು.

‘ರೀ’ ಎಂದಳು. ‘ಇದು ಹಳೇದಲ್ಲ.’

ಆಸ್ಪತ್ರೆಯ ನರ್ಸಮ್ಮ ಅದೇ ನರ್ಸಮ್ಮ. ‘ಏನಮ್ಮ, ಮತ್ತೆ ಹಳೇ ಫ್ರೆಂಡಾ?’ ಎನ್ನುತ್ತಲೇ ತೋಳಿಗೆ ಪಟ್ಟಿ ಸುತ್ತಿದಳು. ಗಾಳಿ ಬಿಟ್ಟಳು. ಮತ್ತೊಮ್ಮೆ ತುಂಬಿದಳು, ಮತ್ತೊಮ್ಮೆ ಬಿಟ್ಟಳು. ಮೂರನೇ ಸಲ ಅವಳ ಮುಖದಲ್ಲಿ ನಗು ಇರಲಿಲ್ಲ. ‘ಹಂಗೇ ಮಲ್ಕೊಂಡಿರಿ, ಏಳಬೇಡಿ’ ಎಂದು ಹೇಳಿ ಚಪ್ಪಲಿಯ ಸದ್ದು ಮಾಡುತ್ತ ಓಡಿದಳು. ನರ್ಸು ಓಡುವುದನ್ನು ಅವಳು ಅದಕ್ಕೆ ಮುಂಚೆ ನೋಡಿರಲಿಲ್ಲ.

ಡಾಕ್ಟರಮ್ಮ ಬಂದರು. ಮೊಣಕಾಲಿಗೆ ಸಣ್ಣ ಸುತ್ತಿಗೆ ತಾಗಿಸಿದರು, ಕಾಲಿನ ಊತವನ್ನು ಒತ್ತಿ ನೋಡಿದರು, ಮೂತ್ರದ ಪರೀಕ್ಷೆಯ ಚೀಟಿ ಓದಿದರು. ಬೆರಳನ್ನು ಅವಳ ಎಡದಿಂದ ಬಲಕ್ಕೆ ನಿಧಾನವಾಗಿ ತರುತ್ತ, ‘ಯಾವಾಗ ಕಾಣತ್ತೆ ಹೇಳಿ’ ಎಂದರು. ಬೆರಳು ಮೂಗಿನ ನೇರಕ್ಕೆ ಬಂದ ಮೇಲೆ, ‘ಈಗ’ ಎಂದಳು.

‘ಯಾವಾಗಿಂದ ಹಿಂಗಿದೆ?’

‘ನಿನ್ನೆಯಿಂದ.’

‘ನಿನ್ನೇನೇ ಬರಬಾರದಿತ್ತಾ?’

‘ಗೊತ್ತಾಗಲಿಲ್ಲ, ಡಾಕ್ಟ್ರೇ’ ಎಂದಳು. ‘ಕಾಣ್ತಿಲ್ಲ ಅನ್ನೋದು ಕಾಣಲಿಲ್ಲ.’

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಗಂಡನನ್ನು ಹತ್ತಿರ ಕರೆದು, ಅವಳಿಗೂ ಕೇಳುವ ಹಾಗೆ, ತೂಗಿ ತೂಗಿ ಹೇಳಿದರು. ರಕ್ತದೊತ್ತಡ ಏರಿ ತಲೆಗೆ ಹತ್ತಿದೆ. ಇಳಿಸುವುದಕ್ಕೆ ಔಷಧಿ ಕೊಡುತ್ತೇವೆ. ಫಿಟ್ಸ್ ಬರದಿರಲಿ ಎಂದು ಇನ್ನೊಂದು ಇಂಜೆಕ್ಷನ್. ಕೂಸಿನ ಶ್ವಾಸಕೋಶಕ್ಕೆ ಬಲ ಬರಲಿ ಎಂದು ಮತ್ತೊಂದು. ಒತ್ತಡ ಹತೋಟಿಗೆ ಬಂದರೆ ಕೂಸನ್ನು ಇನ್ನಷ್ಟು ದಿನ ಒಳಗೇ ಇರಗೊಡೋಣ. ಬರದಿದ್ದರೆ ಕಾಯುವ ಹಾಗಿಲ್ಲ, ತೆಗೆಯಬೇಕಾಗುತ್ತದೆ.

‘ಏಳು ತಿಂಗಳು’ ಎಂದ ಗಂಡ.

‘ಏಳು ತಿಂಗಳಿಗೆ ಹುಟ್ಟಿದ ಮಕ್ಕಳು ಬದುಕಿ ಶಾಲೆಗೆ ಹೋಗ್ತಿದ್ದಾರೆ. ಆದ್ರೆ ನಾನು ಭರವಸೆ ಕೊಡೋ ಸ್ಥಿತೀಲಿ ಇಲ್ಲ. ಇವತ್ತು ರಾತ್ರಿ ಕಳೀಲಿ.’

‘ಕಣ್ಣು?’ ಎಂದು ಅವಳೇ ಕೇಳಿದಳು.

‘ಸಾಮಾನ್ಯವಾಗಿ ಒತ್ತಡ ಇಳಿದ ಮೇಲೆ ವಾಪಸ್ ಬರತ್ತೆ. ಸಾಮಾನ್ಯವಾಗಿ.’

ಇಂಜೆಕ್ಷನ್ ಕೊಟ್ಟಾಗ ಮೈಯೊಳಗೆ ಯಾರೋ ಕಾದ ಇಸ್ತ್ರಿ ಎಳೆದ ಹಾಗೆ ಬಿಸಿ ಹರಿಯಿತು, ಪಾದದಿಂದ ನೆತ್ತಿಯ ತನಕ. ಒಂದು ತೋಳಿಗೆ ಸೂಜಿ, ಇನ್ನೊಂದು ತೋಳಿಗೆ ಪಟ್ಟಿ. ಪಟ್ಟಿ ತಾನಾಗಿಯೇ ಆಗಾಗ ಉಬ್ಬಿ ಹಿಸುಕಿ ಬಿಡುತ್ತಿತ್ತು. ಹೊಟ್ಟೆಗೆ ಸುತ್ತಿದ ಬೆಲ್ಟಿನಿಂದ ಕೂಸಿನ ಎದೆಬಡಿತ ಟಕಟಕ ಎಂದು ಕೇಳುತ್ತಿತ್ತು, ಗಂಡ ಹೊಲಿಯಲು ಕೂತಾಗ ಮಿಷನ್ನು ಓಡುವಷ್ಟೇ ವೇಗದಲ್ಲಿ. ಇನ್ನು ಅವಳಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಕೈಗೆ ಸೂಜಿ ಕೊಟ್ಟರೆ ಲೋಕದ ಯಾವ ಹರಿದ ಅಂಚನ್ನಾದರೂ ಸುತ್ತಿ ಕೂರಿಸಬಲ್ಲ ಹೆಂಗಸು, ತನ್ನದೇ ಮೈಯೊಳಗೆ ಎರಡು ಜೀವ ಒಂದು ಎಳೆಯ ಮೇಲೆ ತೂಗುವಾಗ ಮೇಲಿನ ಚಾವಣಿ ನೋಡುತ್ತ ಮಲಗಿದ್ದಳು. ಚಾವಣಿಯೂ ಅರ್ಧವೇ ಇತ್ತು.

ಮಲಗಿದ್ದಲ್ಲೇ ಲೆಕ್ಕ ಹಾಕಿದಳು. ಕಟ್ಟಪ್ಪಣೆ ಮಾಡಿದ್ದು ಯಾರು? ತಾನೇ. ‘ಸುಮ್ನಿರೇ, ಸುಮ್ನಿರೇ’ ಎಂದು ನಾಲ್ಕು ತಿಂಗಳು ಹೇಳಿ ಹೇಳಿ, ಬಾಯಿ ತುಂಬ ಮಾತಿದ್ದ ಮಗುವನ್ನು ಮೂಕಿ ಮಾಡಿದ್ದಳು. ಮಗು ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿತು. ಪಾಲಿಸಿದ್ದಕ್ಕೇ ಒಂದು ಸಂಜೆ ಒಂದು ರಾತ್ರಿ ಕೈತಪ್ಪಿ ಹೋಯಿತು. ಇದರಲ್ಲಿ ಯಾರನ್ನು ಬೈಯುವುದು? ನೋವನ್ನು ಬೈಯೋಣವೆಂದರೆ ಅದಕ್ಕೆ ಕಿವಿಯಿಲ್ಲ.

ಸಂಜೆ ನೋಡಲು ಬರುವವರ ಹೊತ್ತಿಗೆ ಬಾಗಿಲ ಹೊರಗೆ ಗಂಡನ ದನಿ, ನರ್ಸಮ್ಮನ ದನಿ ಕೇಳಿಸಿತು. ಮಕ್ಕಳನ್ನು ಬಿಡುವ ಹಾಗಿಲ್ಲ ಎನ್ನುತ್ತಿದ್ದಳು ನರ್ಸಮ್ಮ. ಅತ್ತೆಯ ದನಿಯೂ ಸೇರಿತು. ‘ಒಂದು ಗಳಿಗೆ ಬಿಡಮ್ಮ. ಈ ಹುಡುಗಿ ಕಣ್ಣಿಗೆ ಬಿದ್ದಿದ್ದಕ್ಕೆ ತಾನೆ ಇವಳನ್ನ ಇಲ್ಲಿಗೆ ತಂದಿದ್ದು. ನಾವು ಮೂವರು ದೊಡ್ಡೋರು ಇದ್ದೂ ಏನು ಮಾಡಿದ್ವಿ, ಗುಂಡಿ ಎಣಿಸಿದ್ವಿ.’

‘ಆಯ್ತು, ಐದೇ ನಿಮಿಷ’ ಎಂದಳು ನರ್ಸಮ್ಮ. ಬಗ್ಗಿ ಮಗುವಿಗೆ ಹೇಳಿದ್ದೂ ಕೇಳಿಸಿತು. ‘ನೋಡು ಮರಿ, ಒಳಗೆ ಸದ್ದು ಮಾಡಬಾರ್ದು. ಅಮ್ಮನಿಗೆ ತಲೆನೋವು. ಬಾಯಿ ಮುಚ್ಕೊಂಡು ಜಾಣೆ ತರ ಇರಬೇಕು, ಆಯ್ತಾ?’

‘ಸಿಸ್ಟರ್’ ಎಂದು ಒಳಗಿನಿಂದ ಕರೆದಳು ಅವಳು. ಕರೆದ ದನಿಗೆ ಅವಳದೇ ನೆತ್ತಿ ಬಿರಿಯಿತು. ‘ಹಂಗೆ ಹೇಳಬೇಡಿ ಅವಳಿಗೆ. ಮಾತಾಡ್ಲಿ.’

ಬಾಗಿಲು ತೆರೆಯಿತು. ಗಂಡ ಒಳಗೆ ಬಂದು ಕಾಲ ಹತ್ತಿರ ನಿಂತ. ಅವನ ಅಂಗಿಯ ಮೇಲೆ ನೀಲಿ ಸೀಮೆಸುಣ್ಣದ ಪುಡಿ ಇತ್ತು. ‘ಹೋಗು, ಅಮ್ಮನ ಹತ್ರ ಹೋಗು’ ಎಂದು ಮಗಳಿಗೆ ಹೇಳಿದ. ಅವಳು ಕಾದಳು. ಮಗಳು ಬರಲಿಲ್ಲ. ಬಲಗಡೆ ನೋಡಿದಳು, ಕುರ್ಚಿ ಖಾಲಿ. ಬಾಗಿಲ ಕಡೆ ನೋಡಿದಳು, ಅತ್ತೆ ಒಬ್ಬಳೇ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು.

‘ಎಲ್ಲಿ ರೀ ಅವಳು? ಬಂದಿಲ್ವಾ?’

ಗಂಡನ ಕಣ್ಣು ಹೋದ ಕಡೆಗೆ ಅವಳು ಕತ್ತು ತಿರುಗಿಸಿದಳು. ಕತ್ತಿನ ಹಿಂದಿನ ಹಗ್ಗ ಬಿಗಿಯಿತು, ಕಣ್ಣಿಗೆ ನೀರು ಬಂತು, ಆದರೂ ಪೂರ್ತಿ ತಿರುಗಿಸಿದಳು. ಎಡಗಡೆ, ಮಂಚದ ಅಂಚಿಗೆ ಎದೆ ತಾಗಿಸಿಕೊಂಡು, ರೀಲು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ತಾಯಿ ತನ್ನನ್ನು ಹುಡುಕುವುದನ್ನು, ಎದುರಿಗಿದ್ದರೂ ಸಿಗದೆ ಬೇರೆ ಕಡೆ ಹುಡುಕುವುದನ್ನು, ಅವಳು ಪೂರ್ತಿ ನೋಡಿದ್ದಳು.

‘ಇಲ್ಲೇ ಇದೀಯಾ’ ಎಂದಳು ತಾಯಿ. ‘ಬಾ ಪುಟ್ಟಿ. ಮುಟ್ಟು, ಪರವಾಗಿಲ್ಲ.’

ಹುಡುಗಿ ಒಂದು ಬೆರಳನ್ನು ಅವಳ ಕೈ ಮೇಲೆ ಇಟ್ಟಳು. ಸೂಜಿ ಚುಚ್ಚಿದ ಜಾಗ ತಪ್ಪಿಸಿ, ಗೆಣ್ಣಿನ ಮೇಲೆ. ಇನ್ನೊಂದು ಕೈ ಗಾಳಿಯಲ್ಲಿ ಏನೋ ಹೇಳಲು ಎದ್ದಿತು. ಮುಷ್ಟಿಯೂ ಅಲ್ಲ, ಎರಡು ಬೆರಳೂ ಅಲ್ಲ. ಅವರ ಕೈಭಾಷೆಯಲ್ಲಿ ಅದಕ್ಕೆ ಪದವಿರಲಿಲ್ಲ. ಕೈ ಅಲ್ಲೇ ನಿಂತುಬಿಟ್ಟಿತು.

‘ಕೈ ಬೇಡ, ಚಿನ್ನ. ಬಾಯಲ್ಲಿ ಹೇಳು. ದಿನಾ ಬಾಗಿಲಲ್ಲಿ ನಿಂತು ಏನೋ ಕೇಳಕ್ಕೆ ಬರ್ತಿದ್ಯಲ್ಲ. ಅದನ್ನೇ ಕೇಳು. ಜೋರಾಗೇ ಕೇಳು.’

ರೀಲು ಅಪ್ಪನನ್ನು ನೋಡಿದಳು. ಅಜ್ಜಿಯನ್ನು ನೋಡಿದಳು. ಅಮ್ಮನ ಹೊಟ್ಟೆಯ ಬೆಲ್ಟನ್ನೂ, ಟಕಟಕ ಎನ್ನುವ ಪೆಟ್ಟಿಗೆಯನ್ನೂ ನೋಡಿದಳು. ಪಟ್ಟಿ ತೋಳಿನ ಮೇಲೆ ಉಬ್ಬತೊಡಗಿತು. ಅದು ಉಬ್ಬಿ, ಹಿಸುಕಿ, ಉಸ್ಸೆಂದು ಬಿಡುವ ತನಕ ತುಟಿ ಕಚ್ಚಿ ಕಾದಳು. ಆಮೇಲೆ ಬಾಯಿ ತೆರೆದಳು. ನಾಲ್ಕು ತಿಂಗಳು ಮಡಚಿಟ್ಟ ದನಿ, ಎಷ್ಟು ಜೋರಾಗಿ ಬರಬೇಕೆಂದು ಅದಕ್ಕೇ ಮರೆತುಹೋಗಿ, ಆ ಕೋಣೆಗೆ ದೊಡ್ಡದಾಗಿ, ಒಡೆದು, ಹೊರಗಿನ ಓಣಿಯವರೆಗೂ ಹೋಯಿತು.

‘ಅಮ್ಮಾ, ಪಾಪು ಬಂದ ಮೇಲೂ ನಾನು ನಿಂಗೆ ಕಾಣಲ್ವಾ?’